ಲಿಂಗಸುಗೂರು ರಸ್ತೆಯ ಹೊಸ ಆರೋಗ್ಯ ಕೆಫೆ: ಫಲಕದಲ್ಲಿ ‘ಸಕ್ಕರೆ ಶೂನ್ಯ’, ಅಪ್ಪನ ರಕ್ತದಲ್ಲಿ 281

ಎರೆಮಣ್ಣು · ಭಾನುವಾರ ರಾತ್ರಿ 9.40

ರಾಯಚೂರಿನವರಲ್ಲಿ ಒಂದು ಪ್ರಶ್ನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಲಿಂಗಸುಗೂರು ರಸ್ತೆಯಲ್ಲಿ ಹದಿನೈದು ದಿನಗಳ ಹಿಂದೆ ಆರೋಗ್ಯ ಕೆಫೆಯೊಂದು ತೆರೆದಿದೆ. ಹೆಸರು ಬರೆಯುವುದಿಲ್ಲ. ಹಸಿರು ಗೋಡೆ, ಬಾಗಿಲಿಗೆ ಬಿದಿರಿನ ಚಾಪೆ. ಆ ಕಡೆ ಓಡಾಡುವವರಿಗೆ ಅಷ್ಟು ಸಾಕು. ಇವತ್ತು ಮಧ್ಯಾಹ್ನ ಅಪ್ಪ, ನನ್ನ ಹೆಂಡತಿ, ನಾನು ಹೋಗಿದ್ದೆವು. ಅಪ್ಪನಿಗೆ 68 ವರ್ಷ, ಸಕ್ಕರೆ ಕಾಯಿಲೆ ಬಂದು 14 ವರ್ಷ. ಹೋಟೆಲಿಗೆ ಕರೆದರೆ ‘ನೀವು ತಿನ್ನುವುದನ್ನು ನೋಡುತ್ತ ಕೂರಲು ನಾನು ಬರಬೇಕೇ’ ಎನ್ನುವ ಮನುಷ್ಯ. ಅವರು ಹೊಟ್ಟೆ ತುಂಬ ತಿನ್ನಬಹುದಾದ ಜಾಗ ಸಿಕ್ಕಿತು ಎಂದು ಹೋದದ್ದೇ ಅವರಿಗಾಗಿ.

ನನಗೆ ನವಣೆ ಬಿಸಿಬೇಳೆ ಬೌಲ್ 210, ಹೆಂಡತಿಗೆ ಸಲಾಡ್ 180, ಅಪ್ಪನಿಗೆ ‘ಜೋಳದ ರೊಟ್ಟಿ ರೋಲ್’ 190. ರೋಲ್ ಬಂದ ಕೂಡಲೇ ಅಪ್ಪ ಅದನ್ನು ತಟ್ಟೆಯ ಮೇಲೆ ಚಾಪೆ ಬಿಚ್ಚಿದಂತೆ ಬಿಚ್ಚಿದರು. ಒಳಗಿನ ಪನೀರು, ಸೊಪ್ಪನ್ನೆಲ್ಲ ಬದಿಗೆ ಸರಿಸಿ, ಅಂಚನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ಅದು ರಬ್ಬರಿನಂತೆ ಹಿಗ್ಗಿತೇ ಹೊರತು ಹರಿಯಲಿಲ್ಲ. ‘ಇದರಲ್ಲಿ ಗೋಧಿ ಇದೆ’ ಎಂದರು. ನಾನು ‘ಸುಮ್ಮನೆ ತಿನ್ನಿ’ ಎಂದೆ. ತಿಂದರು.

ಹೊರಗೆ 42 ಡಿಗ್ರಿ ಬಿಸಿಲು. ಕುಡಿಯಲು ಏನಾದರೂ ಬೇಕೆಂದಾಗ, ಫಲಕದಲ್ಲಿ ದೊಡ್ಡ ಅಕ್ಷರಗಳಲ್ಲಿ ‘ಸಕ್ಕರೆ ಶೂನ್ಯ’ ಎಂದು ಬರೆದಿದ್ದ ಸಜ್ಜೆ-ಖರ್ಜೂರ-ಬಾಳೆಹಣ್ಣಿನ ಸ್ಮೂದಿ ತರಿಸಿದೆವು. ಒಂದಕ್ಕೆ 160. ಅಪ್ಪ ಒಂದು ಮುಗಿಸಿ, ಸಕ್ಕರೆ ಇಲ್ಲವಲ್ಲ ಎಂದು ಇನ್ನೊಂದು ಕುಡಿದರು. ಹದಿನಾಲ್ಕು ವರ್ಷಗಳಲ್ಲಿ ಅವರು ಸಿಹಿ ಪಾನೀಯವನ್ನು ಎರಡನೆಯ ಬಾರಿ ಕೇಳಿ ತರಿಸಿಕೊಂಡದ್ದನ್ನು ನಾನು ನೋಡಿರಲಿಲ್ಲ. ನನಗೂ ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ.

ಬಿಲ್ 900, ಜಿಎಸ್‌ಟಿ 45, ಒಟ್ಟು 945. ಮನೆಗೆ ಬಂದು ಎರಡು ಗಂಟೆಗಳ ನಂತರ ಬೆರಳು ಚುಚ್ಚಿ ನೋಡಿದರೆ 281. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 118 ಇತ್ತು.

ಖರ್ಜೂರ ಇದೆ ಎಂದು ಅಲ್ಲೇ ಬರೆದಿತ್ತು, ನೋಡದೆ ಕುಡಿಸಿದ ನಾನೇ ಮೂರ್ಖನೇ? ಅಥವಾ ‘ಸಕ್ಕರೆ ಶೂನ್ಯ’ ಎಂದು ಬರೆದದ್ದು ಅವರ ತಪ್ಪೇ? ದೂರು ಕೊಡಬೇಕೇ, ಹೋಗಿ ಹೇಳಿದರೆ ಸಾಕೇ?

ತೀನ್‌ಕಂದೀಲ್ ತಿರುವು · ಭಾನುವಾರ ರಾತ್ರಿ 9.52

945 ರೂಪಾಯಿ! ಗಂಜ್ ಗೇಟಿನ ಗಾಡಿಯಲ್ಲಿ ಆ ದುಡ್ಡಿಗೆ ನಿಮ್ಮ ಓಣಿಗೆಲ್ಲ ಒಗ್ಗರಣೆ-ಮಿರ್ಚಿ ತಿನ್ನಿಸಿ, ಮೇಲೆ ಚಹಾ ಕುಡಿಸಿ, ಚಿಲ್ಲರೆ ಜೇಬಿಗೆ ಹಾಕಿಕೊಂಡು ಬರಬಹುದಿತ್ತು. ಅಲ್ಲಿ ಯಾರೂ ‘ಎಣ್ಣೆ ಶೂನ್ಯ’ ಎಂದು ಬರೆದಿರುವುದಿಲ್ಲ ಕೂಡ.

ಹಳೇ ಬಜಾಜ್ · ಭಾನುವಾರ ರಾತ್ರಿ 9.58

ಅಲ್ಲಿ ಗಾಡಿ ನಿಲ್ಲಿಸಲು ಜಾಗ ಇದೆಯೇ?

ಪಥ್ಯದಕ್ಕ · ಭಾನುವಾರ ರಾತ್ರಿ 10.15

ಎರೆಮಣ್ಣು, ಮೊದಲು ಅಪ್ಪ ಹೇಗಿದ್ದಾರೆ ಹೇಳಿ. ನೀರು ಕುಡಿಯಲಿ, ರಾತ್ರಿ ಊಟ ಹಗುರವಾಗಿರಲಿ, ಮಾತ್ರೆ ಎಂದಿನಷ್ಟೇ. ಒಂದು ಸಂಖ್ಯೆ ನೋಡಿ ಗಾಬರಿಯಾಗಿ ಎರಡು ಮಾತ್ರೆ ನುಂಗಿಸುವ ಮಕ್ಕಳನ್ನು ನಾನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ. ಅದು ನಡುರಾತ್ರಿ ಸಕ್ಕರೆ ಇಳಿಸಿ ಇನ್ನೂ ದೊಡ್ಡ ಅಪಾಯ ತರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮತ್ತೆ ನೋಡಿ. ಇಳಿಯದೆ ಏರುತ್ತಲೇ ಇದ್ದರೆ, ವಾಂತಿ ಅಥವಾ ಮಂಪರು ಕಂಡರೆ, ಕಾಯದೆ ವೈದ್ಯರ ಬಳಿಗೆ ಹೋಗಿ.

ಇನ್ನು ನಿಮ್ಮ ಪ್ರಶ್ನೆ. ಒಣ ಖರ್ಜೂರದ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಸಕ್ಕರೆಯೇ. ಒಂದು ಲೋಟಕ್ಕೆ ಆರು ಖರ್ಜೂರ, ಒಂದು ಬಾಳೆಹಣ್ಣು ಎಂದಿಟ್ಟುಕೊಳ್ಳಿ. ಸುಮಾರು 45 ಗ್ರಾಂ ಸಕ್ಕರೆ ಆಯಿತು. ಎರಡು ಲೋಟಕ್ಕೆ 90 ಗ್ರಾಂ, ಅಂದರೆ ಹದಿನೆಂಟು ಟೀ ಚಮಚ. ಅದೂ ನುಣ್ಣಗೆ ಅರೆದದ್ದು. ಅದೇ ಹಣ್ಣನ್ನು ಅಗಿದು ತಿಂದಿದ್ದರೆ ನಾಲ್ಕು ಖರ್ಜೂರಕ್ಕೇ ಬಾಯಿ ಸಾಕು ಎನ್ನುತ್ತಿತ್ತು. ಕುಡಿಯುವಾಗ ಬಾಯಿ ಏನನ್ನೂ ಹೇಳುವುದಿಲ್ಲ, ಗಂಟಲು ಕೆಲಸ ಮುಗಿಸಿಬಿಡುತ್ತದೆ.

ನೀವು ಮೂರ್ಖರಲ್ಲ. ‘ಬೆಲ್ಲ ಹಾಕಿದೆ, ಸಕ್ಕರೆ ಹಾಕಿಲ್ಲ’, ‘ಜೇನು, ಏನೂ ಆಗುವುದಿಲ್ಲ’ ಎಂಬುದನ್ನು ಓದಿದವರೇ ನಂಬುತ್ತಾರೆ. ಬೆಲ್ಲವೂ ಬಹುಪಾಲು ಸಕ್ಕರೆಯೇ, ಬಣ್ಣ ಬೇರೆ ಅಷ್ಟೇ.

ಹಟ್ಟಿಚಿನ್ನ · ಭಾನುವಾರ ರಾತ್ರಿ 10.31

ಖರ್ಜೂರ ಸಿಹಿ ಎಂದು ಮೂರು ವರ್ಷದ ಮಗುವಿಗೂ ಗೊತ್ತು. 14 ವರ್ಷ ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಗೊತ್ತಿರಲಿಲ್ಲವೇ? ಅಂಗಡಿಯವನು ಕೈಹಿಡಿದು ಕುಡಿಸಿದನೇ? ಊರಿಗೆ ಒಂದು ಒಳ್ಳೆಯ ಜಾಗ ಬಂದರೆ ಹದಿನೈದೇ ದಿನಕ್ಕೆ ದೂರು. ಹೀಗಾದರೆ ಈ ಊರಿನಲ್ಲಿ ಬಿರಿಯಾನಿ ಬಿಟ್ಟು ಬೇರೆ ಅಂಗಡಿ ಯಾರು ತೆರೆಯುತ್ತಾರೆ?

ಎರೆಮಣ್ಣು · ಭಾನುವಾರ ರಾತ್ರಿ 10.40

ಅಕ್ಕಾ, ಅಪ್ಪ ಚೆನ್ನಾಗಿದ್ದಾರೆ. ಅಂಗಳದಲ್ಲಿ ಮಂಚ ಹಾಕಿಸಿಕೊಂಡು ಮಲಗಿದ್ದಾರೆ, ಈಗ 204.

ಹಟ್ಟಿಚಿನ್ನ ಅವರೇ, ಗೊತ್ತಿತ್ತು. ‘ಖರ್ಜೂರದ ಸಿಹಿ ದೇವರ ಸಿಹಿ, ಅದಕ್ಕೇ ಶೂನ್ಯ ಎಂದು ಬರೆದಿದ್ದಾರೆ’ ಎಂದು ಅಪ್ಪ ಅಲ್ಲೇ ವಿವರಿಸಿದ್ದರು. ಬರೆದದ್ದನ್ನು ನಂಬುವ ತಲೆಮಾರು ಅವರದು.

ಅರ್ಜಿದಾರ · ಸೋಮವಾರ ಬೆಳಿಗ್ಗೆ 7.05

ಇದಕ್ಕೆ ನಿಯಮವೇ ಇದೆ, ಊಹೆ ಬೇಡ. ಆಹಾರ ವ್ಯಾಪಾರಿಗಳ ಹೇಳಿಕೆ, ಜಾಹೀರಾತುಗಳ ಬಗ್ಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2018ರಲ್ಲಿ ನಿಯಮಾವಳಿ ತಂದಿದೆ. ‘ಸಕ್ಕರೆ ಮುಕ್ತ’ ಎನ್ನಬೇಕಾದರೆ 100 ಗ್ರಾಂ ಅಥವಾ 100 ಮಿಲಿ ಲೀಟರಿನಲ್ಲಿ ಸಕ್ಕರೆ ಅರ್ಧ ಗ್ರಾಂ ದಾಟಬಾರದು. ‘ಸಕ್ಕರೆ ಸೇರಿಸಿಲ್ಲ’ ಎನ್ನುವುದು ಬೇರೆಯ ಹೇಳಿಕೆ, ಅದಕ್ಕೂ ಷರತ್ತುಗಳಿವೆ. ಜೇನು, ಕಾಕಂಬಿಯಂಥ ಯಾವ ಸಕ್ಕರೆಯನ್ನೂ ಹಾಕಿರಬಾರದು, ಸಕ್ಕರೆಯ ಬದಲಿಗೆ ಒಣಹಣ್ಣು ಅರೆದ ಮುದ್ದೆಯನ್ನೂ ಹಾಕಿರಬಾರದು. ನಿಮ್ಮ ಸ್ಮೂದಿ ಎರಡರಲ್ಲೂ ಅನುತ್ತೀರ್ಣ.

ಬಿಲ್ ಇಟ್ಟುಕೊಂಡಿದ್ದೀರಾ? ಅದರ ಮೇಲೆ 14 ಅಂಕಿಗಳ ಪರವಾನಗಿ ಸಂಖ್ಯೆ ಇರಬೇಕು. 2022ರ ಜನವರಿಯಿಂದ ಬಿಲ್ಲಿನ ಮೇಲೂ ಅದನ್ನು ಮುದ್ರಿಸುವುದು ಕಡ್ಡಾಯ. ದೂರು ಕೊಡಲು ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್ ಇದೆ.

ಶಕ್ತಿನಗರದ ಬೂದಿ · ಸೋಮವಾರ ಬೆಳಿಗ್ಗೆ 7.30

ಪ್ರತಿ ತಿಂಡಿಯ ಎದುರು ಕ್ಯಾಲೊರಿ ಬರೆಯಬೇಕು ಎಂಬ ನಿಯಮವೂ ಇದೆಯಲ್ಲ? ಅದನ್ನೂ ಬರೆದಿಲ್ಲ ಎಂದಾದರೆ ಇನ್ನೊಂದು ದೂರು ಕೊಡಿ.

ಅರ್ಜಿದಾರ · ಸೋಮವಾರ ಬೆಳಿಗ್ಗೆ 7.41

ಅದು ಕೇಂದ್ರ ಪರವಾನಗಿ ಪಡೆದ ಅಥವಾ ಹತ್ತು ಮತ್ತು ಅದಕ್ಕಿಂತ ಹೆಚ್ಚು ಮಳಿಗೆಗಳಿರುವ ಹೋಟೆಲುಗಳಿಗೆ. ರಾಯಚೂರಿನ ಒಂದೇ ಒಂದು ಕೆಫೆಗೆ ಅದನ್ನು ಹೇರಲು ಆಗುವುದಿಲ್ಲ. ಅರ್ಜಿ ಬರೆಯುವವನು ಅರ್ಧ ತಿಳಿದು ಬರೆದರೆ ಪೂರ್ತಿ ಅರ್ಜಿಯೇ ಕಸದ ಬುಟ್ಟಿಗೆ ಹೋಗುತ್ತದೆ.

ಮಾನ್ವಿ ಗದ್ದೆ · ಸೋಮವಾರ ಬೆಳಿಗ್ಗೆ 8.20

ನನಗೆ ಆ ರೋಲಿನ ಮೇಲೆಯೇ ಕಣ್ಣು. 2024-25ರಲ್ಲಿ ಹೈಬ್ರಿಡ್ ಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 3,371 ರೂಪಾಯಿ, ಮಾಲದಂಡಿ ತಳಿಗೆ 3,421. ಒಂದು ರೊಟ್ಟಿಗೆ 60 ಗ್ರಾಂ ಹಿಟ್ಟು ಹಿಡಿಯಿರಿ. ರೈತನ ಪಾಲು ಎರಡು ರೂಪಾಯಿ ಚಿಲ್ಲರೆ. ರೋಲಿಗೆ 190! ಉಳಿದ 188 ಎಲ್ಲಿ ಹೋಯಿತು?

ಖಾನಾವಳಿ ಗಲ್ಲೆ · ಸೋಮವಾರ ಬೆಳಿಗ್ಗೆ 8.44

ಗದ್ದೆಯ ಕಾಕಾ, ಎಲ್ಲಿ ಹೋಯಿತು ಎಂದು ನಾನು ಹೇಳುತ್ತೇನೆ; ಹನ್ನೊಂದು ವರ್ಷದಿಂದ ಗಲ್ಲೆಯ ಮೇಲೆ ಕೂತಿದ್ದೇನೆ. ರಸ್ತೆಗೆ ಮುಖವಿರುವ ಜಾಗದ ಬಾಡಿಗೆ, ಮುಂಗಡ, ವಾಣಿಜ್ಯ ಸಿಲಿಂಡರ್, ಬೇಸಿಗೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಓಡುವ ಎಸಿ, ಇಬ್ಬರು ಅಡುಗೆಯವರು, ಪಾತ್ರೆ ತೊಳೆಯುವವರು, ಮನೆಗೆ ತಲುಪಿಸುವ ಆ್ಯಪ್‌ನವರ ಕಮಿಷನ್, ಸಂಜೆಗೆ ಬಾಡಿ ಎಸೆಯುವ ಸೊಪ್ಪು. ನನ್ನಲ್ಲಿ ಊಟಕ್ಕೆ ನೂರು ರೂಪಾಯಿ ಕೂಡ ಇಲ್ಲ. ಅದು ನಡೆಯುವುದು ದಿನಕ್ಕೆ ಇನ್ನೂರು ಜನ ಬರುವುದರಿಂದ. ಅಲ್ಲಿ ಮೂವತ್ತು ಜನ ಬಂದರೆ ಹೆಚ್ಚು. 190 ಲೂಟಿ ಅಲ್ಲ, ಲೆಕ್ಕ.

ಆದರೆ ಗೋಧಿ ಬೆರೆಸಿ ಜೋಳ ಎನ್ನುವುದು ಲೆಕ್ಕ ಅಲ್ಲ, ಮೋಸ.

ಮಾನ್ವಿ ಗದ್ದೆ · ಸೋಮವಾರ ಬೆಳಿಗ್ಗೆ 8.59

ಒಪ್ಪಿದೆ ತಮ್ಮಾ. ನನ್ನ ಸಿಟ್ಟು ಬೇರೆ. ನನ್ನ ಅಜ್ಜನ ಕಾಲಕ್ಕೆ ನಮ್ಮ ಹೊಲದಲ್ಲಿ ಹಿಂಗಾರಿಗೆ ಬಿಳಿಜೋಳ. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಯಿತು, ಎಡದಂಡೆ ಕಾಲುವೆ ಬಂತು, ಸಿಂಧನೂರು, ಮಾನ್ವಿ ಎಲ್ಲ ಭತ್ತವಾಯಿತು. ಈಗ ನಮ್ಮ ಮನೆಯಲ್ಲೂ ಎರಡು ಹೊತ್ತು ಸೋನಾ ಮಸೂರಿ ಅನ್ನ. ಬೇಕೆಂದೇ ಜೋಳ ಬಿಟ್ಟೆ, ಸುಳ್ಳೇಕೆ ಹೇಳಲಿ? ಜೋಳಕ್ಕೆ ಹಕ್ಕಿ ಕಾಯಬೇಕು, ಈಗ ಕವಣೆ ಬೀಸುತ್ತ ಮಂಚಿಗೆಯ ಮೇಲೆ ನಿಲ್ಲುವವರು ಯಾರು? ತೆನೆ ಮುರಿಯಲು ಆಳು ಸಿಗುವುದಿಲ್ಲ. ಎತ್ತು ಇಲ್ಲದ ಮೇಲೆ ಕಣಿಕೆ ಯಾರಿಗೆ? ಭತ್ತಕ್ಕಾದರೆ ಯಂತ್ರ ಬರುತ್ತದೆ, ಒಂದು ದಿನದಲ್ಲಿ ಹೊಲ ಖಾಲಿ.

ತುಂಗಾನಗರದಿಂದ ಬೆಂಗಳೂರಿಗೆ · ಸೋಮವಾರ ಬೆಳಿಗ್ಗೆ 10.12

ಇದನ್ನೆಲ್ಲ ಓದಿ ಕಣ್ಣು ತುಂಬಿ ಬಂತು. ನಮ್ಮ ಅಜ್ಜಿ ಬೆಳಗಿನ ಜಾವ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವ ಸದ್ದಿಗೇ ನಮಗೆ ಎಚ್ಚರವಾಗುತ್ತಿತ್ತು. ಮೇಲೆ ಗುರೆಳ್ಳು ಹಿಂಡಿ, ಕುಸುಬಿ ಎಣ್ಣೆ, ಪುಂಡಿ ಪಲ್ಯ, ಹಸಿ ಉಳ್ಳಾಗಡ್ಡಿ. ಅದೇ ನಿಜವಾದ ಆರೋಗ್ಯ ಕೆಫೆ. ಇಂದಿನ ಹೆಣ್ಣುಮಕ್ಕಳು ಅದನ್ನೆಲ್ಲ ಕೈಬಿಟ್ಟಿದ್ದರಿಂದಲೇ ನಾವು 190 ಕೊಟ್ಟು ಗೋಧಿ ತಿನ್ನುವಂತಾಗಿದೆ.

ಹಂಚಿನ ಮುಂದೆ · ಸೋಮವಾರ ಮಧ್ಯಾಹ್ನ 2.35

ಬೆಂಗಳೂರಿನ ಅಣ್ಣಾ, ಈಗ ತಾನೇ ಒಲೆ ಆರಿಸಿ ಕುಳಿತಿದ್ದೇನೆ. ನಾನು ರೊಟ್ಟಿ ಬಡಿದು ಮಾರುವವಳು, ದಿನಕ್ಕೆ ನೂರೈವತ್ತು. ನಿಮ್ಮ ಕಣ್ಣು ತುಂಬಿ ಬಂದಿತಲ್ಲ, ಒಂದು ಮಾತು ಹೇಳುತ್ತೇನೆ.

ಹಿಟ್ಟಿಗೆ ಕುದಿಯುವ ನೀರು ಹಾಕಿ, ಆರುವ ಮೊದಲೇ ಅಂಗೈಯಿಂದ ನಾದಬೇಕು. ಆರಿದ ಮೇಲೆ ನಾದಿದರೆ ಅಂಚು ಸೀಳುತ್ತದೆ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಸವರಿ, ಮಗುಚಿ, ಕೆಂಡಕ್ಕೆ ಹಿಡಿದರೆ ಉಬ್ಬುತ್ತದೆ. ಹೇಳಲು ಇಷ್ಟೇ. ಏಪ್ರಿಲ್ ತಿಂಗಳಲ್ಲಿ ನೂರನೇ ರೊಟ್ಟಿಯ ಹೊತ್ತಿಗೆ ಬಲ ಭುಜ ನನ್ನದಲ್ಲ, ಮುಖ ಸುಟ್ಟ ಬದನೆಕಾಯಿ. ನಿಮ್ಮ ಅಜ್ಜಿಗೆ ಎಚ್ಚರವಾಗುತ್ತಿದ್ದುದು ಯಾವ ಸದ್ದಿಗೆ ಎಂದು ಯಾರಾದರೂ ಕೇಳಿದ್ದೀರಾ? ನೀವು ಒಂದು ದಿನ ಬಡಿದಿದ್ದೀರಾ? ನಮ್ಮ ಹೆಣ್ಣುಮಕ್ಕಳು ಕೈಬಿಟ್ಟದ್ದು ರೊಟ್ಟಿಯನ್ನಲ್ಲ, ಹೊಗೆಯನ್ನು. ನನ್ನ ಮಗಳಿಗೆ ನಾನೇ ಕಲಿಸಿಲ್ಲ.

ಎರೆಮಣ್ಣು, ನಿಮ್ಮ ತಂದೆ ಹೇಳಿದ್ದು ನೂರಕ್ಕೆ ನೂರು ನಿಜ. ಬಿಸಿ ರೊಟ್ಟಿ ನಾಲ್ಕು ಮಡಿಕೆಯಾಗುತ್ತದೆ. ಹತ್ತು ನಿಮಿಷ ಬಿಟ್ಟು ಸುರುಳಿ ಸುತ್ತಿದರೆ ಸೀಳುತ್ತದೆ, ಹಿಗ್ಗುವ ಮಾತೇ ಇಲ್ಲ. ಹಿಗ್ಗಿದ್ದು ಗೋಧಿ ಅಥವಾ ಮೈದಾ.

ತುಂಗಾನಗರದಿಂದ ಬೆಂಗಳೂರಿಗೆ · ಸೋಮವಾರ ಮಧ್ಯಾಹ್ನ 3.02

ಅಕ್ಕಾ, ತಪ್ಪಾಯಿತು. ಆ ಸಾಲು ಬರೆಯಬಾರದಿತ್ತು.

ತೀನ್‌ಕಂದೀಲ್ ತಿರುವು · ಸೋಮವಾರ ಮಧ್ಯಾಹ್ನ 3.10

ಈ ಊರಿನ ಚರ್ಚೆಯೊಂದರಲ್ಲಿ ‘ತಪ್ಪಾಯಿತು’ ಎಂಬ ಪದ ನೋಡಿದ್ದು ಇದೇ ಮೊದಲು. ಯಾರಾದರೂ ಇದರ ಚಿತ್ರ ತೆಗೆದಿಟ್ಟುಕೊಳ್ಳಿ.

ಹಂಚಿನ ಮುಂದೆ · ಸೋಮವಾರ ಮಧ್ಯಾಹ್ನ 3.15

ತಪ್ಪು ಬಿಡಿ ಅಣ್ಣಾ, ಊರಿಗೆ ಬಂದಾಗ ಐವತ್ತು ಖಡಕ್ ರೊಟ್ಟಿ ಕಟ್ಟಿಸಿಕೊಂಡು ಹೋಗಿ. ದುಡ್ಡು ಕೊಟ್ಟು.

ಕೊಪ್ಪಳದ ಬಿಸಿಲು · ಸೋಮವಾರ ಸಂಜೆ 5.20

ಮಿರ್ಚಿಯನ್ನು ಯಾಕೆ ಎಲ್ಲರೂ ಇಷ್ಟು ಕೀಳಾಗಿ ಕಾಣುತ್ತೀರಿ? ನಮ್ಮ ಗವಿಮಠದ ಜಾತ್ರೆಯ ದಾಸೋಹದಲ್ಲಿ ಹಳ್ಳಿಹಳ್ಳಿಗಳಿಂದ ಬಂದ ಜೋಳದ ರೊಟ್ಟಿಯೂ ಇರುತ್ತದೆ, ಮಾದಲಿಯೂ ಇರುತ್ತದೆ, ಮಿರ್ಚಿಯೂ ಇರುತ್ತದೆ. ಮೂರನ್ನೂ ಒಂದೇ ಪಂಕ್ತಿಯಲ್ಲಿ ತಿಂದು ನಡೆದುಕೊಂಡು ಊರಿಗೆ ಹೋಗುತ್ತಿದ್ದವರಿಗೆ ಯಾವ ಕೆಫೆ ಬೇಕಿತ್ತು? ಅಂದ ಹಾಗೆ ಮೇಲೆ ಯಾರೋ ‘ಒಗ್ಗರಣೆ-ಮಿರ್ಚಿ’ ಎಂದಿದ್ದಾರೆ. ಅದು ಸುಸಲಾ.

ತೀನ್‌ಕಂದೀಲ್ ತಿರುವು · ಸೋಮವಾರ ಸಂಜೆ 5.26

ಒಗ್ಗರಣೆ.

ಕೊಪ್ಪಳದ ಬಿಸಿಲು · ಸೋಮವಾರ ಸಂಜೆ 5.27

ಒಗ್ಗರಣೆ ಎಂದರೆ ಸಾರಿಗೆ ಹಾಕುವುದು. ನೆನೆಸಿದ ಮಂಡಕ್ಕಿಗೆ ಉಳ್ಳಾಗಡ್ಡಿ, ಹಸಿಮೆಣಸು, ಪುಟಾಣಿ ಪುಡಿ ಹಾಕಿ ಮಾಡಿದ್ದು ಸುಸಲಾ.

ಶಕ್ತಿನಗರದ ಬೂದಿ · ಸೋಮವಾರ ಸಂಜೆ 5.40

ನಮ್ಮ ಮನೆಯಲ್ಲಿ ಇಬ್ಬರೂ ಜಗಳವಾಡುವ ಮುಂಚೆಯೇ ತಟ್ಟೆ ಖಾಲಿಯಾಗಿರುತ್ತದೆ. ವಿಷಯಕ್ಕೆ ಬನ್ನಿ.

ಹಳೇ ಬಜಾಜ್ · ಸೋಮವಾರ ಸಂಜೆ 5.44

ವಿಷಯ: ಗಾಡಿ ನಿಲ್ಲಿಸಲು ಜಾಗ ಇದೆಯೇ?

ಮಾವಿನಕೆರೆ ದಂಡೆ · ಸೋಮವಾರ ರಾತ್ರಿ 8.05

ನಾನೂ ಅಲ್ಲಿಗೆ ಹೋಗಿದ್ದೆ. ಸಲಾಡ್ ಮುಟ್ಟಲಿಲ್ಲ. 2022ರ ಬೇಸಿಗೆಯಲ್ಲಿ ಈ ನಗರದಲ್ಲಿ ನಲ್ಲಿ ನೀರು ಕುಡಿದು ಜನ ಸತ್ತದ್ದನ್ನು ನೋಡಿದವಳು ನಾನು. ಬೇಯಿಸಿದ್ದು ಎಷ್ಟೇ ಕೆಟ್ಟದಾಗಿದ್ದರೂ ತಿನ್ನುತ್ತೇನೆ, ಹಸಿ ಎಲೆಯನ್ನು ಯಾವ ನೀರಿನಲ್ಲಿ ತೊಳೆದಿದ್ದಾರೆ ಎಂದು ಕೇಳದೆ ತಿನ್ನುವುದಿಲ್ಲ. ಕೇಳಿದೆ. ಹುಡುಗ ‘ಫಿಲ್ಟರ್ ನೀರು ಮೇಡಂ’ ಎಂದು ಅಡುಗೆಮನೆಯ ಬಾಗಿಲು ತೆರೆದು ಯಂತ್ರವನ್ನೇ ತೋರಿಸಿದ. ಅಷ್ಟರ ಮಟ್ಟಿಗೆ ಮೆಚ್ಚಿದೆ. ಆದರೂ ತಿನ್ನಲಿಲ್ಲ.

ಇನ್ನೊಂದು ಮಾತು. ಏಪ್ರಿಲ್ ತಿಂಗಳಲ್ಲಿ ಸಜ್ಜೆ ಕೊಡುತ್ತಾರಲ್ಲ, ಅವರ ಮನೆಯಲ್ಲಿ ಹಿರಿಯರಿಲ್ಲವೇ? ಸಜ್ಜೆ ಉಷ್ಣ. ಸಂಕ್ರಾಂತಿಯ ಚಳಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ. ಈ ಬಿಸಿಲಿಗೆ ಜೋಳದ ಅಂಬಲಿ, ಅದಕ್ಕೆ ಮಜ್ಜಿಗೆ, ಚೂರು ಉಳ್ಳಾಗಡ್ಡಿ. ಅಂಬಲಿ ಇದೆಯೇ ಎಂದು ಕೇಳಿದ್ದಕ್ಕೆ ‘ಅದು ಯಾವ ಫ್ಲೇವರ್’ ಎಂದ.

ಮಾನ್ವಿ ಗದ್ದೆ · ಸೋಮವಾರ ರಾತ್ರಿ 8.20

ಬೇಡ ತಾಯಿ, ಹೇಳಿಕೊಡಬೇಡಿ. ನಾಳೆಯೇ ಅದನ್ನು ಮಣ್ಣಿನ ಕುಡಿಕೆಗೆ ಹಾಕಿ ‘ಹುದುಗಿಸಿದ ಸಿರಿಧಾನ್ಯ ಪಾನೀಯ, 140’ ಎಂದು ಬರೆಯುತ್ತಾರೆ.

ಪಥ್ಯದಕ್ಕ · ಸೋಮವಾರ ರಾತ್ರಿ 8.48

ಬರೆಯಲಿ ಬಿಡಿ ಕಾಕಾ, ಆ ಸ್ಮೂದಿಗಿಂತ ಸಾವಿರ ಪಾಲು ಮೇಲು.

ಉಷ್ಣ-ಶೀತದ ವಿಚಾರ ನನ್ನ ಪುಸ್ತಕದಲ್ಲಿಲ್ಲ, ಆದರೆ ಬೇಸಿಗೆಯಲ್ಲಿ ಸಿಹಿ ಬಿಟ್ಟು ಮಜ್ಜಿಗೆ ಕುಡಿಯಿರಿ ಎಂದು ಅಜ್ಜಿ ಹೇಳಿದರೆ ನಾನು ಜಗಳಕ್ಕೆ ಹೋಗುವುದಿಲ್ಲ. ಬೇರೆ ಒಂದು ಭ್ರಮೆ ಮಾತ್ರ ಇಲ್ಲಿ ಎಲ್ಲರ ಮಾತಿನಲ್ಲೂ ಕಾಣುತ್ತಿದೆ: ಜೋಳ, ನವಣೆ ಎಂದರೆ ಎಷ್ಟಾದರೂ ತಿನ್ನಬಹುದು ಎಂಬುದು. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕ ನೋಡಿ. 100 ಗ್ರಾಂ ಜೋಳದಲ್ಲಿ ನಾರು 10 ಗ್ರಾಂ, ಪಾಲಿಷ್ ಅಕ್ಕಿಯಲ್ಲಿ 3ಕ್ಕೂ ಕಡಿಮೆ. ದೊಡ್ಡ ವ್ಯತ್ಯಾಸವೇ. ಆದರೆ ಕಾರ್ಬೊಹೈಡ್ರೇಟ್ ಜೋಳದಲ್ಲೂ 68 ಗ್ರಾಂ ಸುತ್ತಮುತ್ತ ಇದೆ. ಎರಡು ರೊಟ್ಟಿಯ ಜೊತೆ ಕಾಳು ಪಲ್ಯ, ಸೊಪ್ಪು ತಿಂದವರ ಸಕ್ಕರೆ ನೋಡಿ. ಆರು ರೊಟ್ಟಿಗೆ ಬರೀ ಹಿಂಡಿ ಹಚ್ಚಿ ತಿಂದವರದ್ದೂ ನೋಡಿ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಎಂದ ಮೇಲೆ ನನ್ನ ಬಳಿ ಬರುವವರು ನವಣೆ ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡೇ ಬರುತ್ತಾರೆ. ಹಿಂದೆ ತಿರುಗಿಸಿ ಓದಿದರೆ ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ. ಹೆಚ್ಚು ತೂಕದ ಪದಾರ್ಥದ ಹೆಸರೇ ಮೊದಲು ಬರುವುದು.

ಕೌಂಟರ್ ಹುಡುಗ · ಮಂಗಳವಾರ ಬೆಳಿಗ್ಗೆ 11.30

ನಾನು ಆ ಕೆಫೆಯಲ್ಲಿ ಕೆಲಸ ಮಾಡುತ್ತೇನೆ. ಇವತ್ತು ವಾರದ ರಜೆ, ಅದಕ್ಕೇ ಪೂರ್ತಿ ಓದಿದೆ. ಮಾಲೀಕರ ಪರವಾಗಿ ಬರೆಯುತ್ತಿಲ್ಲ.

ಮೊದಲನೆಯದು, ಆ ಹಿರಿಯರು ನನಗೆ ನೆನಪಿದ್ದಾರೆ. ಹೊರಡುವಾಗ ನನ್ನ ಬೆನ್ನು ತಟ್ಟಿ ಹೋದರು. ಅವರಿಗೆ ಹೀಗಾಯಿತು ಎಂದು ಓದಿ ಮನಸ್ಸಿಗೆ ಕಷ್ಟವಾಯಿತು. ‘ಸಕ್ಕರೆ ಶೂನ್ಯ’ ಎಂಬ ಫಲಕ ಬೇರೆ ಊರಿನಿಂದ ಅಚ್ಚಾಗಿ ಬಂದದ್ದು. ನಾವು ಸಕ್ಕರೆ ಡಬ್ಬಿಯನ್ನು ಅಡುಗೆಮನೆಯೊಳಗೇ ಇಟ್ಟುಕೊಂಡಿಲ್ಲ, ಹಾಗಾಗಿ ಅದು ಸುಳ್ಳು ಎಂದು ನನಗೂ ಅನ್ನಿಸಿರಲಿಲ್ಲ. ಪಥ್ಯದಕ್ಕ ಆರು ಖರ್ಜೂರ ಎಂದಿದ್ದಾರೆ. ಎಂಟು ಹಾಕುತ್ತೇವೆ.

ಎರಡನೆಯದು, ರೊಟ್ಟಿ. ಬರೀ ಜೋಳದಲ್ಲಿ ಮಾಡಿದ ಮೊದಲ ದಿನ ನಲವತ್ತು ರೋಲ್‌ಗಳಲ್ಲಿ ಮೂವತ್ತು ಗಿರಾಕಿಯ ಕೈಯಲ್ಲೇ ಒಡೆದವು. ಒಬ್ಬರ ಬಿಳಿ ಅಂಗಿಯ ಮೇಲೆ ಚಟ್ನಿ ಬಿತ್ತು. ಮರುದಿನದಿಂದ ಗೋಧಿ ಸೇರಿತು.

ಅಂಬಲಿಯ ಬಗ್ಗೆ ಕೇಳಿದ ಮೇಡಂ, ನಾನು ರಾಯಚೂರಿನವನಲ್ಲ. ಕ್ಷಮಿಸಿ.

ಹಟ್ಟಿಚಿನ್ನ · ಮಂಗಳವಾರ ಬೆಳಿಗ್ಗೆ 11.42

ಹುಡುಗ ಎದೆ ತಟ್ಟಿ ಒಪ್ಪಿಕೊಂಡಿದ್ದಾನೆ. ಇನ್ನು ದೂರು ಕೊಡುವವರು ಮನುಷ್ಯರಲ್ಲ.

ಅರ್ಜಿದಾರ · ಮಂಗಳವಾರ ಬೆಳಿಗ್ಗೆ 11.55

ಒಪ್ಪಿಕೊಂಡದ್ದು ಕೆಲಸದ ಹುಡುಗ, ಫಲಕ ಹಾಕಿಸಿದವರಲ್ಲ. ಎರಡನ್ನೂ ಕಲಸಬೇಡಿ.

ಹಂಚಿನ ಮುಂದೆ · ಮಂಗಳವಾರ ಮಧ್ಯಾಹ್ನ 2.50

ತಮ್ಮಾ, ಸುರುಳಿ ಏಕೆ ಸುತ್ತಬೇಕು? ರೊಟ್ಟಿಯನ್ನು ಬಿಸಿಯಾಗಿಯೇ ತಟ್ಟೆಗೆ ಹಾಕಿ, ಪಕ್ಕಕ್ಕೆ ಪಲ್ಯ ಇಡಿ. ಜೋಳಕ್ಕೆ ಬಗ್ಗುವ ಗುಣ ಇಲ್ಲ, ಅದನ್ನು ಬಗ್ಗಿಸಲು ಹೋಗಿ ಹೆಸರು ಕೆಡಿಸಿಕೊಂಡಿದ್ದೀರಿ. ಬೇಕಾದರೆ ನಿಮ್ಮ ಮಾಲೀಕರಿಗೆ ನನ್ನನ್ನು ತೋರಿಸಿ. ದಿನಕ್ಕೆ ಮೂವತ್ತು ರೊಟ್ಟಿ ಕೊಡಬಲ್ಲೆ. ಉದ್ರಿ ಇಲ್ಲ.

ಖಾನಾವಳಿ ಗಲ್ಲೆ · ಮಂಗಳವಾರ ಮಧ್ಯಾಹ್ನ 3.04

ಅಕ್ಕಾ, ಆ ನೂರೈವತ್ತರಲ್ಲಿ ಅರವತ್ತು ನನಗೆ ಬರುತ್ತವೆ ಎಂಬುದನ್ನು ಮರೆಯಬೇಡಿ.

ಎರೆಮಣ್ಣು · ಶನಿವಾರ ರಾತ್ರಿ 9.10

ಬೆಳವಣಿಗೆ ತಿಳಿಸುತ್ತೇನೆ ಎಂದುಕೊಂಡಿದ್ದೆ, ಕೆಲಸದಲ್ಲಿ ಆಗಲಿಲ್ಲ.

ದೂರು ಕೊಟ್ಟಿಲ್ಲ. ಗುರುವಾರ ಸಂಜೆ ಹೋಗಿ ಮಾಲೀಕರ ಎದುರೇ ಕುಳಿತು ಹೇಳಿದೆ. ನನಗಿಂತ ಚಿಕ್ಕವರು. ಗಮನವಿಟ್ಟು ಕೇಳಿದರು. ಅರ್ಜಿದಾರರು ಬರೆದ ನಿಯಮವನ್ನು ಮೊಬೈಲಿನಲ್ಲಿ ತೋರಿಸಿದಾಗ ಮುಖ ಸ್ವಲ್ಪ ಬಿಳಿಚಿತು. ಇವತ್ತು ನೋಡಿದರೆ ‘ಸಕ್ಕರೆ ಶೂನ್ಯ’ದ ಮೇಲೆ ಕಾಗದ ಅಂಟಿಸಿ ‘ಖರ್ಜೂರದ ನೈಸರ್ಗಿಕ ಸಿಹಿ’ ಎಂದು ಬರೆದಿದ್ದಾರೆ. ‘ಸಕ್ಕರೆ ಕಾಯಿಲೆ ಇರುವವರು ಕೇಳಿ ಕುಡಿಯಿರಿ’ ಎಂದು ಸೇರಿಸಿ ಎಂದಿದ್ದೆ. ಅದನ್ನು ಸೇರಿಸಿಲ್ಲ. ರೋಲ್ ಈಗ ‘ಜೋಳ-ಗೋಧಿ ರೋಲ್’. ಬೆಲೆ 190 ಇದ್ದದ್ದು 199.

ಶಕ್ತಿನಗರದ ಬೂದಿ · ಶನಿವಾರ ರಾತ್ರಿ 9.18

ಸತ್ಯಕ್ಕೆ ಒಂಬತ್ತು ರೂಪಾಯಿ.

ಅರ್ಜಿದಾರ · ಶನಿವಾರ ರಾತ್ರಿ 9.22

ಕಾಗದ ಅಂಟಿಸಿದ್ದು ಬಿಸಿಲಿಗೆ ಉದುರುತ್ತದೆ. ಹದಿನೈದು ದಿನ ಬಿಟ್ಟು ಮತ್ತೆ ನೋಡಿ. ಕೆಳಗಿನ ಅಕ್ಷರ ಇಣುಕಿದರೆ ನಾನೇ ಬರೆದುಕೊಡುತ್ತೇನೆ.

ಪಥ್ಯದಕ್ಕ · ಶನಿವಾರ ರಾತ್ರಿ 9.30

ಅಪ್ಪ ಏನನ್ನುತ್ತಾರೆ?

ಎರೆಮಣ್ಣು · ಶನಿವಾರ ರಾತ್ರಿ 9.45

ಅದನ್ನೇ ಹೇಳಲು ಬಂದೆ ಅಕ್ಕಾ. ಬೆಳಗಿನ ಖಾಲಿ ಹೊಟ್ಟೆಯ ಸಂಖ್ಯೆ ಮತ್ತೆ 120ರ ಆಸುಪಾಸಿಗೆ ಬಂದಿದೆ. ನಾನು ಗುರುವಾರ ಗಂಭೀರವಾಗಿ ಒಳಗೆ ಹೋದಾಗ ಮೂಲೆಯ ಮೇಜಿನಲ್ಲಿ ಅಪ್ಪ ಕುಳಿತಿದ್ದರು! ಜೊತೆಗೆ ವಾಯುವಿಹಾರದ ಮೂವರು ಗೆಳೆಯರು. ಸೋಮವಾರ ಮತ್ತು ಬುಧವಾರವೂ ಹೋಗಿದ್ದರಂತೆ. ಎಸಿ ಇದೆ, ಯಾರೂ ಎದ್ದೇಳಿ ಎನ್ನುವುದಿಲ್ಲ, ಪತ್ರಿಕೆ ಹಾಕಿಸುತ್ತಾರೆ. ಒಬ್ಬೊಬ್ಬರೂ ಐವತ್ತು ರೂಪಾಯಿಯ ಮಸಾಲೆ ಮಜ್ಜಿಗೆ ಹಿಡಿದು ಎರಡು ಗಂಟೆ ಕೂರುತ್ತಾರೆ. ಕೌಂಟರ್ ಹುಡುಗನಿಗೆ ಅಂಬಲಿ ಮಾಡುವುದು ಹೇಗೆಂದು ಅಪ್ಪ ಬೆರಳು ಎಣಿಸುತ್ತ ಹೇಳಿಕೊಡುತ್ತಿದ್ದರು. ನಾನು ಮಾಲೀಕರೊಂದಿಗೆ ಮಾತನಾಡಿ ಮುಗಿಸುವವರೆಗೂ ನನ್ನ ಪರಿಚಯವೇ ಇಲ್ಲದವರಂತೆ ಪತ್ರಿಕೆಯಲ್ಲಿ ಮುಖ ಮುಚ್ಚಿಕೊಂಡಿದ್ದರು.

ಖಾನಾವಳಿ ಗಲ್ಲೆ · ಶನಿವಾರ ರಾತ್ರಿ 9.51

ಐವತ್ತು ರೂಪಾಯಿಗೆ ಎರಡು ಗಂಟೆ ಎಸಿ. ಈಗ ಗೊತ್ತಾಯಿತೇ ಗದ್ದೆಯ ಕಾಕಾ, ಆ 188 ಎಲ್ಲಿ ಹೋಗುತ್ತದೆ ಎಂದು?

ಪಥ್ಯದಕ್ಕ · ಶನಿವಾರ ರಾತ್ರಿ 9.58

ಸಂತೋಷ. ಆದರೆ ಅಪ್ಪನಿಗೆ ರಕ್ತದೊತ್ತಡ ಇದೆಯೇ? ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ ಒಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ಮಜ್ಜಿಗೆಗೆ ಉಪ್ಪು ಎಷ್ಟು ಹಾಕುತ್ತಾರೆ ಎಂದು ಕೇಳಿದಿರಾ?

ಎರೆಮಣ್ಣು · ಶನಿವಾರ ರಾತ್ರಿ 10.03

ಇದೆ. ಕೇಳಲಿಲ್ಲ. ಕೇಳಿದರೆ ಅಪ್ಪ ಮನೆಯಲ್ಲಿ ಮಾತು ಬಿಡುತ್ತಾರೆ.

ಕೌಂಟರ್ ಹುಡುಗ · ಶನಿವಾರ ರಾತ್ರಿ 10.20

ನಾಳೆಯಿಂದ ಅರ್ಧ ಹಾಕುತ್ತೇನೆ ಅಣ್ಣಾ. ಅವರಿಗೆ ಹೇಳಬೇಡಿ.

ಹಳೇ ಬಜಾಜ್ · ಶನಿವಾರ ರಾತ್ರಿ 10.24

ಎಲ್ಲ ಮುಗಿಯಿತೇ? ಗಾಡಿ ನಿಲ್ಲಿಸಲು ಜಾಗ ಇದೆಯೇ ಎಂದು ವಾರದಿಂದ ಕೇಳುತ್ತಿದ್ದೇನೆ.

ಎರೆಮಣ್ಣು · ಶನಿವಾರ ರಾತ್ರಿ 10.26

ಇಲ್ಲ. ಎದುರಿನ ಔಷಧಿ ಅಂಗಡಿಯ ಮುಂದೆ ನಿಲ್ಲಿಸಿ. ಬೈದರೆ ಸಕ್ಕರೆ ನೋಡುವ ಪಟ್ಟಿ ಒಂದು ಡಬ್ಬಿ ಕೊಂಡುಕೊಳ್ಳಿ, ಸುಮ್ಮನಾಗುತ್ತಾರೆ.